ಅಕ್ಕಿ ಎಲ್ಲಿಂದ ಬಂತು?

ಕಾದಂಬರಿ ಓದುವುದಕ್ಕೂ ಕಾರಣ ಬೇಕೇ? ಬೇಕು ಎನ್ನುವವರ ನಡುವೆಯೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಕೈಯಲ್ಲಿ ದಪ್ಪ ಪುಸ್ತಕ ಕಂಡರೆ ಸಾಕು, "ಏನ್ ಮೇಡಂ, ಎಂ.ಎ.ಗೆ ಕಟ್ಟಿದೀರಾ?" ಎಂಬ ಪ್ರಶ್ನೆ ಬರುತ್ತದೆ. ಮನೆಯಲ್ಲಾದರೆ, "ಕಣ್ಣು ಹಾಳು ಮಾಡ್ಕೋತೀಯ, ಮಲಕ್ಕೋಮ್ಮ" ಎಂದು ಮಗಳ ಕಾಳಜಿ. ಗಂಡಸರು ದಿನವಿಡೀ ಕ್ರಿಕೆಟ್ ನೋಡಿದರೆ ಯಾರೂ ಕಾರಣ ಕೇಳುವುದಿಲ್ಲ. ಹೆಂಗಸು ಒಂದು ಗಂಟೆ ಕಾದಂಬರಿ ಹಿಡಿದು ಕೂತರೆ ಮಾತ್ರ ಅದರಿಂದ ಏನಾದರೊಂದು ಉಪಯೋಗ ಇರಲೇಬೇಕು! ನಾನಂತೂ ಖುಷಿಗಾಗಿ ಓದುವವಳು. ಉತ್ತರ ಪತ್ರಿಕೆಗಳನ್ನು ತಿದ್ದಿ, ಅಡುಗೆಮನೆ ಒರೆಸಿ, ಮರುದಿನದ ಇಡ್ಲಿಗೆ ರುಬ್ಬಿಟ್ಟ ಮೇಲೆ ಸಿಗುವ ಆ ಒಂದು ಗಂಟೆ ನನ್ನದು. ಅದರ ಲೆಕ್ಕವನ್ನು ನಾನು ಯಾರಿಗೂ ಒಪ್ಪಿಸಬೇಕಾಗಿಲ್ಲ.

ಎಸ್.ಎಲ್. ಭೈರಪ್ಪನವರು ೨೦೨೫ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಸುದ್ದಿ ಕೇಳಿದ ಮೇಲೆ ಕಪಾಟಿನಿಂದ 'ಗೃಹಭಂಗ'ವನ್ನು ಮತ್ತೆ ಇಳಿಸಿದೆ. ಒಂದು ಪುಸ್ತಕ ಇನ್ನೊಂದನ್ನು ಎಳೆದುಕೊಂಡು ಬರುತ್ತದೆಯಷ್ಟೆ. ಅದರ ಬೆನ್ನಿಗೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', ತ್ರಿವೇಣಿಯವರ 'ಶರಪಂಜರ', ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಆದವು. ಕೊನೆಗೆ, ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ "ದೊಡ್ಡಮ್ಮ, ಇದೊಂದು ಓದಿ ನೋಡಿ" ಎಂದು ಕೊಟ್ಟುಹೋದ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಹೀಗೆ ಐದು. ಇವುಗಳಲ್ಲಿ ಕೆಲವನ್ನು ನಿಮ್ಮಲ್ಲಿ ಅನೇಕರು ಹಿಂದೆಯೇ ಓದಿ ಕಣ್ಣೊರೆಸಿಕೊಂಡಿರುತ್ತೀರಿ. ಆದರೆ ಐದನ್ನೂ ಒಂದರ ಹಿಂದೊಂದು ಓದುವಾಗ ಒಂದು ಪ್ರಶ್ನೆ ತಾನಾಗಿಯೇ ನನ್ನ ಜೊತೆಗೂಡಿತು. ಆ ಪ್ರಶ್ನೆ ನನ್ನದಲ್ಲ, ಏಳನೆಯ ತರಗತಿಯ ಒಬ್ಬ ಹುಡುಗಿಯದು.

ಒಮ್ಮೆ ಪಾಠದ ನಡುವೆ ರಾಜಕುಮಾರನೊಬ್ಬ ಹೆಂಡತಿಯೊಂದಿಗೆ ಕಾಡಿಗೆ ಹೋಗಿ ಹನ್ನೆರಡು ವರ್ಷ ಸುಖವಾಗಿದ್ದ ಕತೆ ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಆ ಹುಡುಗಿ ಎದ್ದು ನಿಂತು, "ಟೀಚರ್, ಅಲ್ಲಿ ಅಕ್ಕಿ ಎಲ್ಲಿಂದ ಬಂತು?" ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಇಷ್ಟು ಒಳ್ಳೆಯ ವಿಮರ್ಶೆಯ ಪ್ರಶ್ನೆಯನ್ನು ನಾನು ದೊಡ್ಡ ದೊಡ್ಡ ವಿಮರ್ಶಕರ ಬರಹಗಳಲ್ಲೂ ಅಪರೂಪವಾಗಿ ಕಂಡಿದ್ದೇನೆ. ಕತೆಯಲ್ಲಿ ಜನ ಪ್ರೀತಿಸುತ್ತಾರೆ, ಜಗಳವಾಡುತ್ತಾರೆ, ತತ್ತ್ವ ಮಾತಾಡುತ್ತಾರೆ. ನಡುನಡುವೆ ಊಟವನ್ನೂ ಮಾಡುತ್ತಾರೆ. ಆ ಊಟದ ಅಕ್ಕಿ ತಂದವರು ಯಾರು, ಬೇಯಿಸಿದವರು ಯಾರು, ಅದಕ್ಕೆ ದುಡ್ಡು ಯಾರ ಕೈಯಿಂದ ಬಂತು, ಆ ಕೈಗೆ ಮನೆಯಲ್ಲಿ ಮಾತಿನ ಹಕ್ಕು ಇತ್ತೇ? ಈ ಲೆಕ್ಕವನ್ನು ಬಚ್ಚಿಡದೆ ತೋರಿಸುವ ಕಾದಂಬರಿಯೇ ಸಂಸಾರವನ್ನು ನಿಜವಾಗಿ ಬಲ್ಲ ಕಾದಂಬರಿ ಎಂಬುದು ನನ್ನ ಅನಿಸಿಕೆ. ನನ್ನ ಐದೂ ಪುಸ್ತಕಗಳನ್ನು ಈ ಒರೆಗೆ ಹಚ್ಚಿ ನೋಡಿದ್ದೇನೆ.

'ಗೃಹಭಂಗ' ಮೊದಲು ಅಚ್ಚಾದದ್ದು ೧೯೭೦ರಲ್ಲಿ. ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಅರಸೀಕೆರೆಯ ನಮಗೆ ಅದು ನೆರೆಯ ಸೀಮೆ. ಹಾಗಾಗಿ ಆ ಪುಸ್ತಕದ ಮಾತು, ಬೈಗುಳ, ರಾಗಿ, ತೆಂಗು, ಮಾರಿ, ಬರ ಯಾವುದನ್ನೂ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕತೆ ನಂಜಮ್ಮನದು. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಅವನಿಗೆ ಗೊತ್ತಿರುವ ಒಂದೇ ವಿದ್ಯೆ ಉಣ್ಣುವುದು. ಅತ್ತೆ ಗಂಗಮ್ಮ ಬಾಯಿ ತೆರೆದರೆ ಬೈಗುಳ. ಮೈದುನ ಅಪ್ಪಣ್ಣಯ್ಯ ತಾಯಿಗೆ ತಕ್ಕ ಮಗ. ಹೊಲಗದ್ದೆಗಳು ಪರರ ಪಾಲಾಗುತ್ತವೆ. ಮಕ್ಕಳು ಹುಟ್ಟುತ್ತವೆ. ಮೇಲೆ ಬರಗಾಲ, ಅದರ ಮೇಲೆ ಪ್ಲೇಗು.

ಈ ಕಾದಂಬರಿಯನ್ನು ನಾವು ಸಾಮಾನ್ಯವಾಗಿ ಅಳುವಿನ ಪುಸ್ತಕವೆಂದು ನೆನೆಯುತ್ತೇವೆ. ಮದುವೆಯಾದ ಮಗಳು ಪಾರ್ವತಿ, ಓದಿನಲ್ಲಿ ಜಾಣ ಮಗ ರಾಮಣ್ಣ ಪ್ಲೇಗಿನಲ್ಲಿ ಹೋಗುವ ಪುಟಗಳನ್ನು ಒಣಗಣ್ಣಿನಿಂದ ಓದಿದವರು ಇದ್ದಾರೆಂದು ನನಗೆ ಅನ್ನಿಸುವುದಿಲ್ಲ. ಭೈರಪ್ಪನವರೇ ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ಆ ಪುಟಗಳಲ್ಲಿ ಒಂದು ಮಾತೂ ಹೆಚ್ಚಿಲ್ಲದಿರುವುದಕ್ಕೆ ಅದೇ ಕಾರಣವಿರಬೇಕು. ಆದರೆ ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾವಿನ ಪುಟಗಳಲ್ಲ, ಲೆಕ್ಕದ ಪುಟಗಳು. ಗಂಡ ಬರೆಯಲಾರದ ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ಕಲಿತು ಬರೆಯುತ್ತಾಳೆ. ಅವಳು ಗೆರೆ ಎಳೆದು, ಕೂಡಿ, ತಾಳೆ ನೋಡಿ ಮುಗಿಸಿದ ಪುಸ್ತಕಕ್ಕೆ ಸಹಿ ಗಂಡನದು. ಸರ್ಕಾರದಿಂದ ಬರುವ ಹಣವೂ ಗಂಡನ ಕೈಗೇ. ಆ ಹಣ ಮನೆ ಸೇರುವ ಮೊದಲೇ ಅವನ ಹೊಟ್ಟೆ ಸೇರುತ್ತದೆ. ಹಾಗಾದರೆ ಮನೆಗೆ ಅಕ್ಕಿ, ಅಲ್ಲ, ರಾಗಿ ಎಲ್ಲಿಂದ ಬಂತು? ಮುತ್ತುಗದ ಎಲೆ ತಂದು, ಒಣಗಿಸಿ, ಕಡ್ಡಿ ಚುಚ್ಚಿ ಊಟದೆಲೆ ಹಚ್ಚಿ, ಕಟ್ಟು ಕಟ್ಟಿ ಮಾರಿದ್ದರಿಂದ ಬಂತು.

ನಮ್ಮ ಅಜ್ಜಿಯೂ ಎಲೆ ಹಚ್ಚುತ್ತಿದ್ದರು. ಮದುವೆ ಮುಂಜಿಗಳ ಕಾಲ ಬಂತೆಂದರೆ ಅವರ ಬೆರಳ ತುದಿ ಒರಟಾಗಿ ಹೋಗುತ್ತಿತ್ತು. ಎಲೆ ಹಚ್ಚುವ ಕೆಲಸದ ಗುಣವೇ ಹಾಗೆ: ಕೂತಲ್ಲೇ ಮಾಡುವುದು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೂ ಮಾಡುವುದು. ಆದ್ದರಿಂದಲೇ ಅದನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ. ಭೈರಪ್ಪನವರು ಎಣಿಸಿದ್ದಾರೆ. ನಂಜಮ್ಮನ ತ್ಯಾಗ, ಸಹನೆ ಎಂದು ಉದ್ದುದ್ದ ಹಾಡದೆ, ಅವಳ ದಿನದ ದುಡಿಮೆಯನ್ನು ಒಂದೊಂದಾಗಿ ನಮ್ಮ ಮುಂದೆ ಇಡುತ್ತಾರೆ. ಅವರ ವಿಚಾರಗಳ ಬಗ್ಗೆ ಜಗಳ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮುಂದಿನ ಕೆಲವು ಕಾದಂಬರಿಗಳ ಬಗ್ಗೆ ನನಗೂ ತಕರಾರುಗಳಿವೆ. ಆದರೆ ಹೆಣ್ಣಿನ ದುಡಿಮೆಗೆ ಸಿಗದೆ ಹೋದ ಸಹಿಯನ್ನು ಇಷ್ಟು ಸ್ಪಷ್ಟವಾಗಿ ಬರೆದ ಕಾದಂಬರಿಕಾರರು ಎಷ್ಟು ಜನ?

ದೋಷವಿಲ್ಲವೆಂದಲ್ಲ. ಗಂಗಮ್ಮ, ಚೆನ್ನಿಗರಾಯ, ಅಪ್ಪಣ್ಣಯ್ಯ ಮೂವರಿಗೂ ಲೇಖಕರು ಒಂದು ಚಮಚದಷ್ಟು ಒಳ್ಳೆಯತನವನ್ನೂ ಬಡಿಸಿಲ್ಲವೇನೋ ಎನ್ನಿಸುತ್ತದೆ. ಗಂಗಮ್ಮನೂ ಒಂದು ಕಾಲಕ್ಕೆ ಯಾರದೋ ಸೊಸೆಯಾಗಿ ಬಂದವಳೇ. ಚಿಕ್ಕ ವಯಸ್ಸಿಗೆ ವಿಧವೆಯಾಗಿ, ಎರಡು ಗಂಡುಮಕ್ಕಳನ್ನು ಕಟ್ಟಿಕೊಂಡು ಊರಿನ ನಡುವೆ ಬದುಕಬೇಕಾದವಳು. ಆ ಬಾಯಿ ಅವಳಿಗೆ ಎಲ್ಲಿಂದ ಬಂತು ಎಂದು ಕೇಳುವ ವ್ಯವಧಾನ ಕಾದಂಬರಿಗೆ ಇಲ್ಲ. ಮೊದಲ ಸಲ ಓದಿದಾಗ ನಾನು ಕಾಲೇಜು ಹುಡುಗಿ, ಈಗ ಅತ್ತೆ. ಅತ್ತೆಯಾದವಳಿಗೆ ಈ ಪ್ರಶ್ನೆ ಬರುವುದು ಸಹಜ ತಾನೆ?

ನಂಜಮ್ಮನ ಮನೆಯಿಂದ ಫಣಿಯಮ್ಮನ ಮನೆಗೆ ಬಂದರೆ ರಾಗಿಯ ಚಿಂತೆ ತಪ್ಪುತ್ತದೆ. ಮಲೆನಾಡಿನ ದೊಡ್ಡ ಮನೆ, ಹತ್ತಾರು ಜನ, ತುಂಬಿದ ಕಣಜ. ಎಂ.ಕೆ. ಇಂದಿರಾ ಕಾದಂಬರಿ ಬರೆಯಲು ಆರಂಭಿಸಿದ್ದೇ ನಲವತ್ತು ದಾಟಿದ ಮೇಲೆ. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು ೧೯೬೩ರಲ್ಲಿ, 'ಫಣಿಯಮ್ಮ' ೧೯೭೬ರಲ್ಲಿ. (ಮಕ್ಕಳು ದೊಡ್ಡವರಾದರು, ಇನ್ನು ನಮ್ಮಿಂದ ಏನಾದೀತು ಎಂದು ಕೈ ಕಟ್ಟಿ ಕೂತಿರುವ ಸೋದರಿಯರು ಇದನ್ನು ಗಮನಿಸಬೇಕು.) ತಮ್ಮ ತಾಯಿಯ ಬಾಯಿಂದ ಕೇಳಿದ, ನಿಜವಾಗಿ ಬದುಕಿದ್ದ ಬಾಲವಿಧವೆಯೊಬ್ಬರ ಬಾಳನ್ನು ಅವರು ಬರೆದರು. ಆಟವಾಡುವ ವಯಸ್ಸಿನಲ್ಲಿ ಮದುವೆ, ಹಿಂದೆಯೇ ಹಾವು ಕಚ್ಚಿ ಗಂಡನ ಸಾವು, ಮೈನೆರೆದಾಗ ಕೇಶಮುಂಡನ, ಆಮೇಲೆ ನೂರು ದಾಟುವವರೆಗೂ ಕೆಂಪು ಸೀರೆ, ಒಪ್ಪೊತ್ತಿನ ಊಟ, ಎಲ್ಲರ ಮನೆಯ ಚಾಕರಿ.

ಇಲ್ಲಿ ನಮ್ಮ ಹುಡುಗಿಯ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕಾಗುತ್ತದೆ. ಅಕ್ಕಿ ಎಲ್ಲಿಂದ ಬಂತು ಎಂಬುದು ಗೊತ್ತಿದೆ. ಅದನ್ನು ಬೇಯಿಸಿ ಬಡಿಸಿದವಳಿಗೆ ಎಷ್ಟು ಸಿಕ್ಕಿತು? ಒಂದು ಹೊತ್ತಿನ ಊಟ. ಶಾಸ್ತ್ರದ ಹೆಸರಿನಲ್ಲಿ ಆ ಮನೆ ಒಬ್ಬ ಆಳನ್ನು ಸಂಬಳವಿಲ್ಲದೆ, ಅರ್ಧ ಊಟಕ್ಕೆ, ಜನ್ಮಪೂರ್ತಿ ಇಟ್ಟುಕೊಂಡಿತು. ಹಾಗೆಂದು ಇಂದಿರಾ ಎಲ್ಲೂ ಕೂಗಿ ಹೇಳುವುದಿಲ್ಲ. ಅವರ ಬರವಣಿಗೆ ಹಜಾರದಲ್ಲಿ ಕೂತು ಬತ್ತಿ ಹೊಸೆಯುತ್ತಾ ಕತೆ ಹೇಳುವವರ ರೀತಿಯದು. ನಡುವೆ ನಗು, ಊರ ಸುದ್ದಿ, ಅಡುಗೆಯ ವಾಸನೆ. ಕೇಳುತ್ತಾ ಕೇಳುತ್ತಾ ಇದ್ದಕ್ಕಿದ್ದಂತೆ ಎದೆ ಧಸಕ್ಕೆನ್ನುತ್ತದೆ. ಅಸ್ಪೃಶ್ಯಳೆಂದು ಊರು ದೂರವಿಟ್ಟ ಹೆಣ್ಣೊಬ್ಬಳಿಗೆ ಹೆರಿಗೆ ಕಷ್ಟವಾದಾಗ ಈ ಮಡಿಯ ಮುದುಕಿ ಯಾರಿಗೂ ತಿಳಿಯದಂತೆ ಹೋಗಿ, ತನ್ನ ಕೈಯಾರೆ ಮಗುವನ್ನು ಹೊರತರುತ್ತಾಳೆ. ಮುಂದೆ ದಾಕ್ಷಾಯಿಣಿ ಎಂಬ ಹರೆಯದ ವಿಧವೆ ತಲೆ ಬೋಳಿಸಿಕೊಳ್ಳಲಾರೆ ಎಂದು ಹಟ ಹಿಡಿದಾಗ, ಊರಿನ ಹಿರಿಯರ ನಡುವೆ ಅವಳ ಪರವಾಗಿ ನಿಂತವಳೂ ಫಣಿಯಮ್ಮನೇ. ಸಂಬಳ ಸಿಗದ ಜೀವ ತನ್ನ ದುಡಿಮೆಯಿಂದ ಗಳಿಸಿದ ಒಂದೇ ಆಸ್ತಿ ಅದು: ಆ ಊರು ಅವಳ ಮಾತನ್ನು ಕೇಳಬೇಕಾಯಿತು.

ನನಗೆ ಈ ಪುಸ್ತಕದಲ್ಲಿ ತೊಡಕೆನಿಸುವುದು ಒಂದೇ. ಫಣಿಯಮ್ಮ ಬಹಳ ಬೇಗ ದೇವತೆಯಾಗಿಬಿಡುತ್ತಾಳೆ. ಬಾಳೆಲ್ಲ ಒಂದು ಹೊತ್ತು ಉಂಡವಳಿಗೆ ಎಂದೂ ರಾತ್ರಿ ಹಸಿವಾಗಲಿಲ್ಲವೇ? ಕೈಯಾರೆ ಕರಿದ ಹಪ್ಪಳದ ಮೇಲೆ ಎಂದೂ ಆಸೆ ಹುಟ್ಟಲಿಲ್ಲವೇ? ಇಂದಿರಾ ಅವರ ಅಪಾರ ಗೌರವವೇ ಆ ಪ್ರಶ್ನೆಗೆ ಅಡ್ಡ ನಿಂತಿತೆಂದು ಕಾಣುತ್ತದೆ. ಪ್ರೇಮಾ ಕಾರಂತರು ಇದನ್ನು ೧೯೮೩ರಲ್ಲಿ ಚಲನಚಿತ್ರ ಮಾಡಿದರು, ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ಆದರೂ ಮೂಲದ ಆ ಮಲೆನಾಡಿನ ಮಾತಿನ ಹದವನ್ನು ಸವಿಯಬೇಕಾದರೆ ಕನ್ನಡದಲ್ಲೇ ಓದಬೇಕು.

'ಶರಪಂಜರ'ದ ಹೆಸರೆತ್ತಿದರೆ ನಮ್ಮ ಕಣ್ಣ ಮುಂದೆ ಬರುವುದು ಪುಟ್ಟಣ್ಣ ಕಣಗಾಲರ ೧೯೭೧ರ ಚಿತ್ರ, ಅದರಲ್ಲಿ ಕಲ್ಪನಾ ಮುಖ. ಅದನ್ನು ಸ್ವಲ್ಪ ಬದಿಗಿಟ್ಟು ಪುಸ್ತಕವನ್ನೇ ಓದಿ ನೋಡಿ. ಕಾವೇರಿಯದು ಅನುಕೂಲಸ್ಥರ ಮನೆ. ಅಕ್ಕಿಯ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಗಂಡ ಸತೀಶನ ಸಂಬಳದಿಂದ ಬರುತ್ತದೆ. ಹೆರಿಗೆಯಾದ ಮೇಲೆ ಅವಳ ಮನಸ್ಸು ಕೆಡುತ್ತದೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದ ಕಾಯಿಲೆ. ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ, ವಾಸಿಯಾಗಿ, ಆಸೆಯಿಂದ ಮನೆಗೆ ಬರುತ್ತಾಳೆ. ನಿಜವಾದ ಕತೆ ಅಲ್ಲಿಂದ ಶುರು. ವಿಷಮಶೀತ ಜ್ವರದಿಂದ ಎದ್ದವಳಿಗೆ ಗಂಜಿ ಕಾಯಿಸಿ ಕೊಡುವ ಜನ, ಈ ಆಸ್ಪತ್ರೆಯಿಂದ ಬಂದವಳ ನಗುವನ್ನೂ ಅನುಮಾನಿಸುತ್ತಾರೆ, ಮೌನವನ್ನೂ ಅನುಮಾನಿಸುತ್ತಾರೆ. ಗಂಡನ ಮನಸ್ಸು ಆಗಲೇ ಬೇರೆಯವಳ ಕಡೆ ವಾಲಿರುತ್ತದೆ. ಕೊನೆಗೆ ಅವಳಿಗೆ ಮತ್ತೆ ಆಸ್ಪತ್ರೆಯೇ ಗತಿಯಾಗುತ್ತದೆ.

ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ೧೯೬೩ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಈ ಸಂಗತಿ ತಿಳಿದು 'ಶರಪಂಜರ'ವನ್ನು ಓದುವವರಿಗೆ ಪುಟ ತಿರುಗಿಸುವುದು ಕಷ್ಟವಾಗುತ್ತದೆ. ಬಾಣಂತಿಯ ಮನಸ್ಸು ಎಂಬ ವಿಷಯವನ್ನು ಅಡುಗೆಮನೆಯ ಪಿಸುಮಾತಿನಿಂದ ಎತ್ತಿ ಅಚ್ಚಿನ ಪುಟಕ್ಕೆ ತಂದವರು ಅವರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಮಗುವಿನಿಂದ ಬೇರ್ಪಡಿಸದೆ, ಇಬ್ಬರನ್ನೂ ಜೊತೆಯಲ್ಲೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ೨೦೦೯ರಲ್ಲಿ ಆರಂಭವಾಯಿತು. ಅದು ನಮ್ಮ ದೇಶದಲ್ಲೇ ಅಂಥ ಮೊದಲನೆಯದು. ಕಾದಂಬರಿ ಬಂದು ನಾಲ್ಕು ದಶಕಗಳ ಮೇಲೆ! ಆದರೆ ವಾಸಿಯಾಗಿ ಮನೆಗೆ ಬಂದವಳನ್ನು ನೋಡುವ ನೆರೆಮನೆಯ ಕಣ್ಣಿಗೆ ಚಿಕಿತ್ಸೆ ಕೊಡುವ ವಿಭಾಗ ಎಲ್ಲಿದೆ?

ಸತೀಶನ ಪಾತ್ರ ನನಗೆ ಸಾಲದು. ಅವನ ಮನಸ್ಸಿನ ಒಳಗೆ ಹೋಗುವುದಕ್ಕೆ ಲೇಖಕಿ ಕಾವೇರಿಯ ವಿಷಯದಲ್ಲಿ ತೋರಿದ ತಾಳ್ಮೆಯ ಕಾಲುಭಾಗವನ್ನೂ ತೋರಿಲ್ಲ. ಆದರೆ ಒರೆಗಲ್ಲಿಗೆ ಹಚ್ಚಿದಾಗ ಹೊಳೆದ ಒಂದು ಮಾತನ್ನು ಹೇಳಬೇಕು. ನಂಜಮ್ಮನ ಮನೆಯಲ್ಲಿ ಅವಳಿಲ್ಲದಿದ್ದರೆ ಒಲೆ ಹತ್ತುವುದಿಲ್ಲ. ಕಾವೇರಿಯ ಮನೆಯಲ್ಲಿ ಅವಳಿಲ್ಲದಿದ್ದರೂ ಸಂಸಾರ ನಡೆಯುತ್ತದೆ. ಅವಳು ಬರುವಷ್ಟರಲ್ಲಿ ನಡೆದುಬಿಟ್ಟಿದೆ. ಸಂಪಾದನೆಯೂ ಇಲ್ಲದೆ, ಮನೆಯಲ್ಲಿ ತನ್ನದೆಂಬ ಕೆಲಸವೂ ಉಳಿಯದೆ ಹೋದ ಹೆಣ್ಣು ಗಂಡನ ಪ್ರೀತಿಯೊಂದರ ಮೇಲೆ ನಿಂತಿರಬೇಕಾಗುತ್ತದೆ. ಅದು ಜಾರಿದರೆ ಕಾಲ ಕೆಳಗೆ ಏನೂ ಇಲ್ಲ. ಅನುಕೂಲಸ್ಥರ ಮನೆಯ ಈ ಬಡತನವನ್ನು ತ್ರಿವೇಣಿಯವರಷ್ಟು ಚೆನ್ನಾಗಿ ಕಂಡವರು ವಿರಳ.

ಇಂಥ ಬರಹವನ್ನೇ ಒಂದು ಕಾಲಕ್ಕೆ 'ಅಡುಗೆಮನೆ ಸಾಹಿತ್ಯ' ಎಂದು ಮೂಗು ಮುರಿಯುತ್ತಿದ್ದರು. ಆ ಮಾತು ಈಗಲೂ ಪೂರ್ತಿ ಸತ್ತಿಲ್ಲ. ಅಡುಗೆಮನೆ ಎಂದರೆ ಅವರು ತಿಳಿದದ್ದು ಒಗ್ಗರಣೆಯ ಚಟಪಟ ಮಾತ್ರ. ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ, ಯಾರು ತಳದಲ್ಲಿ ಉಳಿದದ್ದನ್ನು ಉಣ್ಣುತ್ತಾರೆ, ಯಾರಿಗೆ ತುಪ್ಪ, ಯಾರಿಗೆ ಮಜ್ಜಿಗೆ ಎಂಬ ರಾಜಕೀಯವೆಲ್ಲ ತೀರ್ಮಾನವಾಗುವುದು ಅಲ್ಲೇ. ಶಾನುಭೋಗಿಕೆಯ ಲೆಕ್ಕ ಬರೆದರೆ ಸಮಾಜದ ಚಿತ್ರಣ, ಸಾರಿನ ಲೆಕ್ಕ ಬರೆದರೆ ಅಡುಗೆಮನೆ ಸಾಹಿತ್ಯ! ಗಂಡಸು ಬರೆದ 'ಗೃಹಭಂಗ'ದ ಮುಕ್ಕಾಲು ಪಾಲು ಒಲೆಯ ಸುತ್ತಲೇ ನಡೆಯುತ್ತದೆ. ಅದನ್ನು ಯಾರೂ ಆ ಹೆಸರಿನಿಂದ ಕರೆಯಲಿಲ್ಲ.

ಸಾರಾ ಅಬೂಬಕ್ಕರ್ ಕಾಸರಗೋಡಿನವರು, ೨೦೨೩ರ ಜನವರಿಯಲ್ಲಿ ತೀರಿಕೊಂಡರು. 'ಚಂದ್ರಗಿರಿಯ ತೀರದಲ್ಲಿ' ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಆ ಕಾಲಕ್ಕೆ ಮುಸ್ಲಿಂ ಮನೆಯ ಒಳಕೋಣೆಯಿಂದ ಕನ್ನಡದಲ್ಲಿ ಕೇಳಿಬಂದ ಹೆಣ್ಣುದನಿಗಳೇ ವಿರಳ. ನಾದಿರಾ ಗಂಡ ರಶೀದನೊಂದಿಗೆ ಸುಖವಾಗಿದ್ದಾಳೆ. ಮಡಿಲಲ್ಲಿ ಕೂಸಿದೆ. ಅಪ್ಪ ಮಹಮ್ಮದ್ ಖಾನ್ ಅಳಿಯನಲ್ಲಿ ಹಣ ಕೇಳುತ್ತಾನೆ, ಸಿಗುವುದಿಲ್ಲ. ಆ ಸಿಟ್ಟಿಗೆ ಮಗಳನ್ನು ತವರಲ್ಲೇ ಇರಿಸಿಕೊಂಡು, ತಲಾಖಿನವರೆಗೂ ಎಳೆಯುತ್ತಾನೆ. ಗಂಡ ಹೆಂಡತಿ ಮತ್ತೆ ಒಂದಾಗಬೇಕೆಂದಾಗ ಎದುರಾಗುವುದು ಇನ್ನೂ ಘೋರವಾದ ನಿಯಮ: ಅವಳು ಮೊದಲು ಬೇರೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದ ಬಿಡುಗಡೆ ಪಡೆದು ಬರಬೇಕು. ನಾದಿರಾ ನೀರಿನ ಪಾಲಾಗುತ್ತಾಳೆ.

ಈ ಕಾದಂಬರಿಯನ್ನು ಕೇವಲ ತಲಾಖಿನ ಪುಸ್ತಕವೆಂದು ಓದುವವರೇ ಹೆಚ್ಚು. ಒಂದೇ ಉಸಿರಿಗೆ ಮೂರು ಸಲ ಹೇಳುವ ತಲಾಖನ್ನು ಸುಪ್ರೀಂ ಕೋರ್ಟು ೨೦೧೭ರಲ್ಲಿ ತಳ್ಳಿಹಾಕಿತು, ೨೦೧೯ರಲ್ಲಿ ಕಾಯಿದೆಯೂ ಬಂತು. ಹಾಗಾದರೆ ಈ ಪುಸ್ತಕದ ಕೆಲಸ ಮುಗಿಯಿತೇ? ಅದರ ಮೊದಲ ಪುಟಗಳ ಜಗಳವನ್ನು ಗಮನಿಸಿ. ಅದು ಧರ್ಮದ ಜಗಳವಲ್ಲ, ದುಡ್ಡಿನ ಜಗಳ. ಅಪ್ಪನಿಗೆ ಮಗಳು ಒಂದು ಅಡಮಾನದ ಒಡವೆ. ಬಾಕಿ ತೀರಲಿಲ್ಲವೆಂದು ಒತ್ತೆ ಇಟ್ಟುಕೊಂಡಿದ್ದಾನೆ. ಶಾಸ್ತ್ರ ಅವನ ಕೈಗೆ ಆಮೇಲೆ ಸಿಕ್ಕ ಕೋಲು. ಎಲ್ಲ ಜಾತಿ ಮತಗಳ ಮನೆಗಳಲ್ಲೂ ಇಂಥ ಅಪ್ಪಂದಿರು, ಇಂಥ ಮಾವಂದಿರು ಇದ್ದಾರೆ. ಕೋಲು ಮಾತ್ರ ಬೇರೆ ಬೇರೆ. ಮೂವತ್ತು ವರ್ಷ ಮೇಷ್ಟ್ರುಗಿರಿಯಲ್ಲಿ, ದುಡ್ಡಿನ ಮಾತು ಮುರಿದು ಶಾಲೆ ಬಿಟ್ಟ, ತವರು ಸೇರಿದ ಎಷ್ಟು ಹುಡುಗಿಯರನ್ನು ಕಂಡಿದ್ದೇನೋ.

ಸಾರಾ ಅವರ ಬರವಣಿಗೆಗೆ ಅಲಂಕಾರವಿಲ್ಲ. ಕೆಲವೆಡೆ ಅವಸರವೂ ಕಾಣುತ್ತದೆ. ಅಪ್ಪನ ಪಾತ್ರ ಒಂದೇ ಬಣ್ಣದಲ್ಲಿದೆ. ಆದರೆ ನಾದಿರಾಳ ತಾಯಿ ಫಾತಿಮಾಳನ್ನು ಮರೆಯಲಾಗುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ತನಗಿಂತ ಬಹಳ ಹಿರಿಯನ ಕೈಹಿಡಿದು, ಬಾಳಿಡೀ ಅವನ ಗುಡುಗಿಗೆ ಹೆದರಿ, ಮಗಳ ಬಾಳು ಕಣ್ಣೆದುರೇ ಮುರಿಯುವಾಗಲೂ ಬಾಯಿ ಬಿಡಲಾರದವಳು. ಆ ಮನೆಯಲ್ಲಿ ಮೂರು ಹೊತ್ತೂ ಅನ್ನ ಮಾಡುವವಳು ಅವಳೇ. ಅನ್ನ ಮಾಡುವ ಕೈಗೆ ಮಾತಿನ ಹಕ್ಕು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಫಾತಿಮಾಳ ಮೌನಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕೊನೆಯದು 'ಘಾಚರ್ ಘೋಚರ್'. ೨೦೧೩ರಲ್ಲಿ ಬಂದ ಕಿರುಕಾದಂಬರಿ. ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದದಿಂದ ಹೊರದೇಶಗಳಲ್ಲೂ ಹೆಸರಾಯಿತು. ಒಂದೇ ರಾತ್ರಿಗೆ ಓದಿ ಮುಗಿಸಬಹುದು. ಮುಗಿಸಿದ ಮೇಲೆ ನಿದ್ದೆ ಬರುವ ಭರವಸೆ ನಾನು ಕೊಡಲಾರೆ. ಇರುವೆಗಳು ಮುತ್ತುವ ಸಣ್ಣ ಮನೆ, ಲೆಕ್ಕ ತಾಳೆಯಾಗದಿದ್ದರೆ ಇಡೀ ಕುಟುಂಬವೇ ತಳಮಳಿಸುವ ಕಾಲ. ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಹರಿದುಬಂದ ಹಣ, ದೊಡ್ಡ ಮನೆ. ಒಟ್ಟಿಗೆ ಬದುಕಿದ್ದವರು ಈಗ ಚಿಕ್ಕಪ್ಪನ ಸುತ್ತ ಕಾವಲು ಕೂತವರಂತೆ ಆಗಿಬಿಡುತ್ತಾರೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸೊಬ್ಬಳನ್ನು ಮನೆಯ ಹೆಂಗಸರೇ ಬೀದಿಯಲ್ಲಿ ನಿಲ್ಲಿಸಿ ಬಯ್ದು ಅಟ್ಟುತ್ತಾರೆ. ಅವಳು ಪ್ರೀತಿಯಿಂದ ಮಾಡಿ ತಂದ ಮಸೂರ್ ಬೇಳೆಯ ಪದಾರ್ಥ ನೆಲದ ಪಾಲಾಗುತ್ತದೆ. ಆ ಪುಟದಿಂದ ಒಗ್ಗರಣೆಯ ವಾಸನೆ ನನ್ನ ಮೂಗಿಗೆ ನಿಜವಾಗಿಯೂ ಬಡಿಯಿತು. ಅನ್ನಕ್ಕೆ ಹೆದರುವ ಮನೆಯನ್ನು ಇದಕ್ಕಿಂತ ಚೆನ್ನಾಗಿ ಹೇಗೆ ತೋರಿಸುವುದು?

ಆ ಮನೆಗೆ ಸೊಸೆಯಾಗಿ ಬರುವ ಅನಿತಾ ಈ ಕತೆಯ ಜೀವ. ಕತೆ ಹೇಳುವವನು ಅವಳ ಗಂಡ. ಅವನಿಗೆ ಚಿಕ್ಕಪ್ಪನ ಕಂಪನಿಯಲ್ಲಿ ಹೆಸರಿಗೊಂದು ಹುದ್ದೆ, ತಿಂಗಳಿಗೊಂದು ಸಂಬಳ, ಮಾಡಲು ಕೆಲಸವಿಲ್ಲ. ಅನಿತಾ ಅದನ್ನು ಎತ್ತಿ ಆಡುತ್ತಾಳೆ. ನೀವು ಉಣ್ಣುವುದು ಯಾರ ದುಡಿಮೆ ಎಂದು ಕೇಳುವ ಧೈರ್ಯ ಅವಳದು. ಅಂದರೆ, ನಮ್ಮ ಏಳನೆಯ ತರಗತಿಯ ಹುಡುಗಿಯ ಪ್ರಶ್ನೆಯನ್ನೇ! ಗಂಡನ ಕಣ್ಣಿನಿಂದಲೇ ಎಲ್ಲವನ್ನೂ ನೋಡಬೇಕಾಗಿರುವುದರಿಂದ ಹೆಂಗಸರು ಪೂರ್ತಿ ತೆರೆದುಕೊಳ್ಳುವುದಿಲ್ಲ ಎಂಬುದು ನನ್ನ ಮೊದಲ ಆಕ್ಷೇಪವಾಗಿತ್ತು. ಆದರೆ ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳದ ಒಬ್ಬ ಮೆದು ಗಂಡಸಿನ ಬಾಯಿಂದಲೇ ಅವನ ಕತೆ ಹೇಳಿಸಿರುವುದು ಲೇಖಕರ ಜಾಣ್ಮೆ. ಅವನು ಒಳ್ಳೆಯವನು, ಕೈ ಎತ್ತುವವನಲ್ಲ, ಬಯ್ಯುವವನೂ ಅಲ್ಲ. ಸುಮ್ಮನಿರುವವನು. ಆ ಸುಮ್ಮನಿರುವಿಕೆ ಎಷ್ಟು ಅಪಾಯದ್ದು ಎಂದು ಕೊನೆಯ ಪುಟ ಹೇಳುತ್ತದೆ. ಅದನ್ನು ಇಲ್ಲಿ ಬಿಚ್ಚಿ ನಿಮ್ಮ ಓದನ್ನು ಕೆಡಿಸುವುದಿಲ್ಲ.

ಈಗ ಐವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ನೋಡೋಣ. ನಂಜಮ್ಮ ದುಡಿದಳು, ಸಹಿ ಗಂಡನದಾಯಿತು. ಫಣಿಯಮ್ಮ ದುಡಿದಳು, ಅದು ದುಡಿಮೆ ಎಂದೇ ಯಾರಿಗೂ ತೋರಲಿಲ್ಲ. ಕಾವೇರಿಗೆ ದುಡಿಯುವ ಅವಕಾಶವಿಲ್ಲ, ನಿಲ್ಲುವುದಕ್ಕೆ ನೆಲವೂ ಇಲ್ಲ. ನಾದಿರಾ ತಾನೇ ಒತ್ತೆಯ ವಸ್ತುವಾದಳು. ಅನಿತಾ ಒಬ್ಬಳೇ ಈ ಲೆಕ್ಕವನ್ನು ಬಾಯಿಬಿಟ್ಟು ಕೇಳಿದವಳು. ಹೆಣ್ಣುಮಕ್ಕಳಿಗೆ ತವರಿನ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಎಂದು ಹಿಂದೂ ಉತ್ತರಾಧಿಕಾರದ ಕಾಯಿದೆ ದೇಶಕ್ಕೆಲ್ಲ ಅನ್ವಯವಾಗುವಂತೆ ತಿದ್ದುಪಡಿಯಾದದ್ದು ೨೦೦೫ರಲ್ಲಿ. ಕಾಯಿದೆ ಬಂದ ಮೇಲೂ ಅಣ್ಣತಮ್ಮಂದಿರ ಹಕ್ಕುಬಿಡುಗಡೆ ಪತ್ರಕ್ಕೆ ನಗುತ್ತ ಸಹಿ ಹಾಕಿ, ಒಂದು ರೇಷ್ಮೆ ಸೀರೆ ಉಟ್ಟು ಬಂದ ಗೆಳತಿಯರು ನನಗೆ ಗೊತ್ತು. ನಂಜಮ್ಮನಿಗೆ ಸಹಿ ಇರಲಿಲ್ಲ. ನಮಗೆ ಸಹಿ ಬಂತು. ಅದನ್ನು ಯಾವ ಕಾಗದಕ್ಕೆ ಹಾಕುತ್ತಿದ್ದೇವೆ ಎಂದು ಓದಿ ನೋಡುವ ಅಭ್ಯಾಸ ಬಂದಿದೆಯೇ?

ಇಷ್ಟೆಲ್ಲ ಕೇಳಿ, "ಇದರಲ್ಲಿ ಖುಷಿ ಎಲ್ಲಿದೆ ಟೀಚರ್, ಎಲ್ಲ ಗೋಳೇ ಅಲ್ವಾ?" ಎಂದು ಯಾರಾದರೂ ಕೇಳಬಹುದು. ನನ್ನ ಅತ್ತಿಗೆ ಕೇಳಿಯೂ ಬಿಟ್ಟರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಗೋಳಿನಲ್ಲಿ ಖುಷಿಯಿಲ್ಲ. ಆದರೆ ನಾವು ದಿನವೂ ಮಾಡುವ, ಯಾರೂ ಹೆಸರಿಡದ ಕೆಲಸಕ್ಕೆ ಯಾರೋ ಒಬ್ಬರು ಸರಿಯಾದ ಹೆಸರಿಟ್ಟು, ಸರಿಯಾದ ಲೆಕ್ಕ ಬರೆದಿದ್ದಾರೆ ಎಂದು ಕಂಡಾಗ ಆಗುವ ಸಮಾಧಾನ ಸಣ್ಣದಲ್ಲ. ತಾಳೆಯಾಗದ ಲೆಕ್ಕ ತಾಳೆಯಾದಾಗ ಆಗುವ ಖುಷಿಯಂಥದು ಅದು. ಸಂತೆಯ ಚೀಟಿ ಬರೆಯುವ ಪ್ರತಿಯೊಬ್ಬ ಹೆಂಗಸಿಗೂ ಅದರ ರುಚಿ ಗೊತ್ತು.

ಓದುವವರಿಗೆ ನನ್ನ ಸಲಹೆ ಇಷ್ಟು. ಓದಿನ ಅಭ್ಯಾಸ ತಪ್ಪಿದವರು 'ಫಣಿಯಮ್ಮ'ನಿಂದ ಶುರುಮಾಡಿ, ಅದು ಕೈಹಿಡಿದು ನಡೆಸುತ್ತದೆ. ಹೊಸದಾಗಿ ಮದುವೆಯಾದ ಗಂಡುಮಕ್ಕಳು ಮನೆಯಲ್ಲಿದ್ದರೆ 'ಘಾಚರ್ ಘೋಚರ್' ಅವರ ಕೈಗೆ ಸಿಗುವಂತೆ ಟೀಪಾಯಿಯ ಮೇಲೆ ಇಡಿ. 'ಶರಪಂಜರ'ವನ್ನು ಬಾಣಂತಿಗೆ ಕೊಡಬೇಡಿ, ಬಾಣಂತನ ಮಾಡುವವರಿಗೆ ಕೊಡಿ. 'ಚಂದ್ರಗಿರಿಯ ತೀರದಲ್ಲಿ'ಯನ್ನು ಮಗಳ ಮದುವೆಯ ಮಾತುಕತೆಗೆ ಹೊರಟಿರುವ ಅಪ್ಪಂದಿರು ಓದಲಿ. 'ಗೃಹಭಂಗ'ಕ್ಕೆ ಮಾತ್ರ ರಜೆಯೇ ಬೇಕು. ಅವಸರದಲ್ಲಿ ಓದಬೇಡಿ, ನಡುವೆ ಒಲೆಯ ಮೇಲೆ ಏನನ್ನೂ ಇಟ್ಟು ಬರಬೇಡಿ. ಎಲ್ಲವನ್ನೂ ಕೊಂಡೇ ಓದಬೇಕೆಂದಿಲ್ಲ, ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ವಿಚಾರಿಸಿ. ಓದಿದ ಮೇಲೆ ಪಕ್ಕದ ಮನೆಗೆ ದಾಟಿಸಿ. ಆದರೆ ಸ್ವಂತ ಪ್ರತಿಯಾದರೆ ಒಳರಟ್ಟಿನ ಮೇಲೆ ನಿಮ್ಮ ಹೆಸರು ಬರೆದೇ ಕೊಡಿ. ಗಂಡನ ಹೆಸರಲ್ಲ, ನಿಮ್ಮದೇ ಹೆಸರು.